ಜಮಖಾನೆ ಯಾರದು?

ಹೊರಗಿನವರಿಗೆ ಬಿಂಕದಕಟ್ಟಿ ಅಂದರೆ ಪ್ರಾಣಿ ಸಂಗ್ರಹಾಲಯದ ಊರು. ಸೂಟಿ ಬಂದರೆ ಗದಗ-ಬೆಟಗೇರಿಯಿಂದ ಮಕ್ಕಳುಮರಿ ಕಟ್ಟಿಕೊಂಡು ಜನ ಬರುತ್ತಾರೆ, ಬೋನಿನಲ್ಲಿರುವ ಪ್ರಾಣಿ ನೋಡಿ ಹೋಗುತ್ತಾರೆ. ನಾವು ಹೇಳಹೊರಟದ್ದು ಕಂಬಿ ಇಲ್ಲದ ಇನ್ನೊಂದು ಬೋನಿನ ಕಥೆ. ಅದು ಒಂದು ಊರಿನ ಕಥೆಯಲ್ಲ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ಹಳ್ಳಿಹಳ್ಳಿಯ ಕಥೆ. ಗುಡಿಯ ಮುಂದೆ ಪುರಾಣ ಹಚ್ಚಿದಾಗ ಜಮಖಾನೆ ಹಾಸುತ್ತಿದ್ದರು. ಗೌಡರು, ಕುಲಕರ್ಣಿಯವರು, ಒಕ್ಕಲಿನವರು ಜಮಖಾನೆ ಮೇಲೆ. ಜಮಖಾನೆ ಮುಗಿದಲ್ಲಿ ಬರಿ ನೆಲ. ನೆಲ ಮುಗಿದಲ್ಲಿ ಗೋಡೆ. ಗೋಡೆಯ ಆಚೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತವರು ನಮ್ಮ ಅಜ್ಜಂದಿರು. ಅವರಿಗೂ ಪುರಾಣ ಕೇಳಿಸುತ್ತಿತ್ತು. ಆದರೆ ಅವರು ಕೇಳುಗರ ಲೆಕ್ಕದಲ್ಲಿ ಇರಲಿಲ್ಲ.

ನಾಡಿನ ವಿಚಾರ ಚಳವಳಿಯ ಇತಿಹಾಸ ಬರೆಯುವವರು ಯಾರು ಎಲ್ಲಿ ಭಾಷಣ ಮಾಡಿದರು, ಅಧ್ಯಕ್ಷತೆ ಯಾರದು, ಉದ್ಘಾಟನೆ ಯಾರದು ಅಂತ ಬರೆಯುತ್ತಾರೆ. ವೇದಿಕೆಯಿಂದ ಕೆಳಗೆ ಅವರ ಕಣ್ಣು ಇಳಿಯುವುದಿಲ್ಲ. ಕೆಳಗೆ ಯಾರು ಕೂತಿದ್ದರು? ಯಾರು ನಿಂತಿದ್ದರು? ಕೂತವರಲ್ಲಿ ಎದ್ದು ನಿಂತು 'ಅದು ಹ್ಯಾಂಗ್ರೀ?' ಅಂತ ಕೇಳುವ ಹಕ್ಕು ಯಾರಿಗಿತ್ತು? ಸಭೆಯ ನಿಜವಾದ ಇತಿಹಾಸ ಈ ಮೂರು ಪ್ರಶ್ನೆಯಲ್ಲಿದೆ ಅಂತ ನಾವು ತಿಳಿದಿದ್ದೇವೆ. ಆ ಕೊಳವೆಯಿಂದಲೇ ನಮ್ಮ ಸೀಮೆಯ ಒಂದಿಷ್ಟು ಸಭೆಗಳನ್ನೂ ನಾಡಿನ ಒಂದಿಷ್ಟು ಸಭೆಗಳನ್ನೂ ಇಲ್ಲಿ ನೋಡಲು ಹೊರಟಿದ್ದೇವೆ.

ಸಭೆಗೆ ಇಷ್ಟು ಮಹತ್ವ ಯಾಕೆ ಕೊಡಬೇಕು ಅಂತ ಕೆಲವರು ಕೇಳಬಹುದು. ಅಕ್ಷರ ಕಸಿದುಕೊಂಡ ಜನಕ್ಕೆ ಕಿವಿಯೇ ಪುಸ್ತಕ. ಓದಲು ಬಾರದವನು ಕೇಳಿ ಕಲಿಯಬೇಕು. ಇದನ್ನು ಮನುಧರ್ಮದವರು ನಮಗಿಂತ ಮೊದಲೇ ತಿಳಿದುಕೊಂಡಿದ್ದರು. ಆದ್ದರಿಂದಲೇ ಧರ್ಮಸೂತ್ರದ ಕಾಲದಲ್ಲೇ ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರಿಯಬೇಕು ಅಂತ ಬರೆದಿಟ್ಟರು. ಬಾಯಿಗೆ ಬೀಗ ಹಾಕುವುದಕ್ಕೆ ಮೊದಲು ಕಿವಿಗೆ ಬೀಗ ಹಾಕಿದ ಸಮಾಜ ನಮ್ಮದು. ಹಾಗಿರುವಾಗ ಸಾರ್ವಜನಿಕ ಸಭೆಯಲ್ಲಿ ಕೂಡುವ ಹಕ್ಕು ಅಂದರೆ ಅದು ಮನರಂಜನೆಯ ಮಾತಲ್ಲ. ಬಾವಿಯ ನೀರಿನ ಹಕ್ಕಿನಷ್ಟೇ ದೊಡ್ಡದು.

ಈ ಬೀಗ ಒಡೆಯುವ ಯತ್ನ ನಮ್ಮ ನೆಲದಲ್ಲಿ ಹಿಂದೆಯೇ ನಡೆದಿದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮುಂತಾದವರ ಹೆಸರು ಶರಣರ ನಡುವೆ ಎದೆಯೆತ್ತಿ ನಿಲ್ಲುತ್ತವೆ. ಗದಗಿಗೆ ಹತ್ತಿರದ ಲಕ್ಕುಂಡಿಯವಳು ಅಂತ ಹೇಳುವ ಮುಕ್ತಾಯಕ್ಕ ಅಲ್ಲಮಪ್ರಭುವಿನ ಎದುರು ಕೂತು ವಾದ ಮಾಡಿದಳು. ತಲೆಬಾಗಿ ಕೇಳಿ ಎದ್ದುಹೋದವಳಲ್ಲ ಆಕೆ. ಪ್ರಶ್ನೆ ಹಾಕಿದಳು, ಉತ್ತರ ಒಪ್ಪಿಗೆಯಾಗದಿದ್ದಾಗ ಮತ್ತೆ ಕೇಳಿದಳು. ನಂತರದ ಶತಮಾನಗಳಲ್ಲಿ ಶೂನ್ಯಸಂಪಾದನೆ ಕಟ್ಟಿದವರು ಆ ಮಾತುಕತೆಗೆ ಒಂದು ಭಾಗವನ್ನೇ ಮೀಸಲಿಟ್ಟರು. ಆದರೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಮಾಡಿದಾಗ ಏನಾಯಿತು? ಕಲ್ಯಾಣ ರಕ್ತದಲ್ಲಿ ತೊಯ್ದಿತು. ಮಾತು ಮಾತಾಗಿರುವ ತನಕ ಪ್ರಭುತ್ವ ಸಹಿಸುತ್ತದೆ, ಮಾತು ಮನೆಯೊಳಗೆ ಬಂದು ಹಾಸಿಗೆ ಹಾಸಿದಾಗ ಕತ್ತಿ ಹಿರಿಯುತ್ತದೆ. ಇದು ಕಲ್ಯಾಣ ನಮಗೆ ಕಲಿಸಿದ ಮೊದಲ ಪಾಠ.

ಕಲ್ಯಾಣದ ನಂತರ ಪ್ರಶ್ನೆ ಸತ್ತುಹೋಯಿತೇ? ಪಂಡಿತರ ಸಭೆಯಲ್ಲಿ ಸತ್ತಿರಬಹುದು, ಜನರ ನಡುವೆ ಸಾಯಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳ ಹರದೇಶಿ-ನಾಗೇಶಿ ಹಾಡಿಕೆ ನೆನೆಯಿರಿ. ಹರದೇಶಿಯವರು ಗಂಡು ಹೆಚ್ಚು ಅನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಒಂದು ಮೇಳ ಪ್ರಶ್ನೆ ಹಾಕಿದರೆ ಇನ್ನೊಂದು ಮೇಳ ಉತ್ತರ ಕೊಡಬೇಕು, ಕೊಟ್ಟು ತಿರುಗಿ ಪ್ರಶ್ನೆ ಹಾಕಬೇಕು. ಬೆಳಗಿನ ತನಕ ಜನ ಕೂತು ಕೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ದುಡಿಯುವ ಜನ ಕಟ್ಟಿದ ತರ್ಕಸಭೆ ಅದು. ಚರ್ಚೆ, ವಾದ, ಸಂವಾದ ಇವೆಲ್ಲ ಓದಿದವರು ಪಟ್ಟಣದಿಂದ ಹಳ್ಳಿಗೆ ತಂದ ಸರಕು ಅಂತ ತಿಳಿದ ಗೆಳೆಯರು ಇದನ್ನು ಮರೆಯಬಾರದು. ನಮ್ಮ ಜನಕ್ಕೆ ಪ್ರಶ್ನೆ ಹೊಸದಲ್ಲ. ಹೊಸದಾಗಿ ಬೇಕಾದದ್ದು ಪ್ರಶ್ನೆ ಕೇಳುವ ಜಾಗ.

ಆ ಜಾಗಕ್ಕಾಗಿ ಹೋರಾಟ ಸುರುವಾದದ್ದು ಬ್ರಿಟಿಷರ ಕಾಲದಲ್ಲಿ. ಆಗ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಇವತ್ತು ಒಂದೇ ಜಿಲ್ಲೆಯಾಗಿರುವ ಸೀಮೆ ಅಂದು ಬೇರೆ ಬೇರೆ ಒಡೆಯರ ಕೈಯಲ್ಲಿತ್ತು. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರ ಗೊತ್ತುವಳಿ ಪಾಸಾಯಿತು. ಸರಕಾರದ ದುಡ್ಡಿನಿಂದ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೆ ತೆರೆದಿರಬೇಕು ಅಂತ ಆ ಗೊತ್ತುವಳಿ ಹೇಳಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ನಾಲ್ಕು ವರ್ಷದ ನಂತರ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ನೀರು ಮುಟ್ಟಬೇಕಾಯಿತು. ಗೊತ್ತುವಳಿ ತಾನಾಗಿ ನಡೆದು ಹಳ್ಳಿಗೆ ಬರುವುದಿಲ್ಲ. ಜನ ನಡೆದು ಅದನ್ನು ತರಬೇಕು.

ಮಹಾಡ ನಮಗೆ ಕೆರೆಯ ಕಥೆಯಾಗಿ ಗೊತ್ತು. ಅದು ಸಭೆಯ ಕಥೆಯೂ ಹೌದು. ಮೊದಲು ಪರಿಷತ್ತು ಕೂಡಿತು, ಭಾಷಣ ಆಯಿತು, ಠರಾವು ಆಯಿತು, ಅಲ್ಲಿಂದ ಎದ್ದು ಜನ ಕೆರೆಗೆ ನಡೆದರು. ಬಾಬಾಸಾಹೇಬರು ಸಭೆಯನ್ನು ಹೀಗೇ ತಿಳಿದಿದ್ದರು. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಉದ್ದೇಶಗಳಲ್ಲಿ ವಿದ್ಯಾರ್ಥಿನಿಲಯದ ಜೊತೆಗೆ ವಾಚನಾಲಯ, ಅಧ್ಯಯನ ವರ್ಗಗಳೂ ಸೇರಿದ್ದವು. ಹೊಟ್ಟೆಗೆ ಅನ್ನ, ತಲೆಗೆ ವಿಚಾರ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಬಂದು ಮಾತಾಡಿದರು. ಅಲ್ಲಿ ಜಮಖಾನೆಯೂ ನಮ್ಮದೇ, ವೇದಿಕೆಯೂ ನಮ್ಮದೇ. ಇನ್ನೊಬ್ಬರ ಸಭೆಯ ಅಂಚಿನಲ್ಲಿ ನಿಂತು ಕೇಳುವ ಕಾಲ ಮುಗಿಯಬೇಕಾದರೆ ನಮ್ಮ ಸಭೆಯನ್ನು ನಾವೇ ಕೂಡಿಸಬೇಕು ಅನ್ನುವುದು ಅಂದಿನ ತಿಳುವಳಿಕೆ. 1928ರಲ್ಲಿ ಅವರು ಸ್ಥಾಪಿಸಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಧಾರವಾಡದ್ದೂ ಒಂದು. ಸಭೆಯಲ್ಲಿ ಕೇಳಿದ ಮಾತು ಮರುದಿನ ಮರೆತುಹೋಗದ ಹಾಗೆ ಕಾಯುವ ಸೂರು ಅದು.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಏಕೀಕರಣವೂ ಆಯಿತು. 1961ರಲ್ಲಿ ಗದಗಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿತು. ಕುಮಾರವ್ಯಾಸನ ಊರು, ಹುಯಿಲಗೋಳ ನಾರಾಯಣರಾಯರ ಊರು ಅನ್ನುವ ಅಭಿಮಾನ ನಮಗೂ ಇದೆ. ಆದರೆ ಅಂದಿನ ಕನ್ನಡದ ವೇದಿಕೆಗಳಲ್ಲಿ ಕೇರಿಯ ಬದುಕು ಚರ್ಚೆಯ ವಿಷಯವಾಗುತ್ತಿತ್ತೇ? ಆ ಪ್ರಶ್ನೆಗೆ ಸಿಡಿಲಿನಂಥ ಉತ್ತರ ಬಂದದ್ದು 1973ರ ನವೆಂಬರ್‌ನಲ್ಲಿ, ಮೈಸೂರಿನ ಒಂದು ವಿಚಾರ ಸಭೆಯಲ್ಲಿ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಹಾಕುವುದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದ ಮಂತ್ರಿ ಅವರು. ಆಗ ಏಳದ ಗಲಾಟೆ ಬೂಸಾ ಅಂದಾಗ ಎದ್ದಿತು! ಬೀದಿಗೆ ಜನ ಇಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥ ಕೆಲವರು ಬಸವಲಿಂಗಪ್ಪನವರ ಪರ ನಿಂತರೂ ಅವರು ಮಂತ್ರಿಗಿರಿ ಬಿಡಬೇಕಾಯಿತು.

ಮಂತ್ರಿಯಾದವನೂ ವೇದಿಕೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಕುರ್ಚಿ ಹೋಗುತ್ತದೆ. ಇದು ಆ ವರ್ಷ ನಾಡಿನ ದಲಿತ ಹುಡುಗರು ಕಣ್ಣಾರೆ ಕಂಡ ಸತ್ಯ. ಕುರ್ಚಿ ಹೋಯಿತು, ಚಳವಳಿ ಹುಟ್ಟಿತು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಸಮಿತಿಯ ಅಧ್ಯಯನ ಶಿಬಿರಗಳಿಗೆ ಶಾಮಿಯಾನ ಬೇಕಿರಲಿಲ್ಲ. ಕೇರಿಯ ಕಟ್ಟೆ, ಹಾಸ್ಟೆಲಿನ ಪಡಸಾಲೆ, ಶಾಲೆಯ ಒಂದು ಕೋಣೆ ಸಾಕು. ಮೊದಲು ತಮಟೆ, ಹಾಡು. ಆಮೇಲೆ ಮಾತು. ಆಮೇಲೆ ಪ್ರಶ್ನೆ. ಭೂಮಿ ಯಾಕೆ ನಮಗಿಲ್ಲ? ಸಾಲ ಯಾಕೆ ತೀರುವುದಿಲ್ಲ? ಜೀತ ಅಂದರೇನು? ಕೂಲಿ ಮುಗಿಸಿ ಬಂದವರು ಲಾಟೀನಿನ ಬೆಳಕಿನಲ್ಲಿ ಕೂತು ಸಮಾಜಶಾಸ್ತ್ರ ಕಲಿತದ್ದು ಹೀಗೆ.

1979ರಲ್ಲಿ ಧರ್ಮಸ್ಥಳದಲ್ಲಿ 51ನೇ ಸಾಹಿತ್ಯ ಸಮ್ಮೇಳನ. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ದಲಿತ-ಬಲಿತ ಅಂತ ಇಲ್ಲ ಅನ್ನುವ ಧಾಟಿಯಲ್ಲಿ ಪರಿಷತ್ತಿನವರು ತಳ್ಳಿಹಾಕಿದರು. ಮತ್ತೆ ಅದೇ ಜಮಖಾನೆ, ಅದೇ ಅಂಚು! ಈ ಸಲ ಅಂಚಿನಲ್ಲಿ ನಿಲ್ಲಲು ನಮ್ಮವರು ಒಪ್ಪಲಿಲ್ಲ. ಅದೇ ವರ್ಷ ಮಾರ್ಚ್ 10, 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಕೂಡಿಸಿದರು. ನಿಪ್ಪಾಣಿಯಲ್ಲಿ ಬಾಬಾಸಾಹೇಬರು ಮಾಡಿದ್ದನ್ನೇ ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಕನ್ನಡದ ಲೇಖಕರು ಮಾಡಿದರು. ಜಾಗ ಕೊಡಲಿಲ್ಲವೇ? ಜಾಗ ಮಾಡಿಕೊಂಡೆವು.

ಇಷ್ಟು ಸಮಾಜದ ಮಾತಾಯಿತು. ವಿಜ್ಞಾನದ ಮಾತು? ನಮ್ಮ ಎಷ್ಟೋ ಗೆಳೆಯರು ವಿಜ್ಞಾನ ಅಂದರೆ ಪ್ರಯೋಗಶಾಲೆಯದು, ಚಳವಳಿಗೆ ಸಂಬಂಧವಿಲ್ಲದ್ದು ಅಂತ ತಿಳಿದಿದ್ದಾರೆ. ಈ ತಿಳುವಳಿಕೆ ತಪ್ಪು. ಜಾತಿ ನಿಂತಿರುವುದು ಹೊಲದ ಮೇಲೆ ಎಷ್ಟೋ, ಮಡಿಮೈಲಿಗೆ, ಕರ್ಮ, ಪೂರ್ವಜನ್ಮದ ಕಲ್ಪನೆಗಳ ಮೇಲೆಯೂ ಅಷ್ಟೇ. 'ಹಿಂದಿನ ಜನ್ಮದಾಗ ಪಾಪ ಮಾಡೀವಿ, ಈಗ ಉಣ್ಣಾಕತ್ತೀವಿ' ಅಂತ ನಮ್ಮ ಅಜ್ಜಿ ಅನ್ನುವಾಗ ಆ ಮಾತು ಅವಳ ಬಾಯಿಯದು, ವಿಚಾರ ಪುರೋಹಿತನದು. ಕಾರಣವಿಲ್ಲದೆ ಕಾರ್ಯವಿಲ್ಲ, ಸಾಕ್ಷಿ ಇಲ್ಲದೆ ನಂಬಬೇಡ ಅನ್ನುವುದು ವಿಜ್ಞಾನದ ಮೊದಲ ಪಾಠ. ಆ ಪಾಠ ಕೇರಿಗೆ ಬಂದರೆ ಹಿಂದಿನ ಜನ್ಮದ ಲೆಕ್ಕಪತ್ರ ಸುಳ್ಳಾಗುತ್ತದೆ.

ಈ ಕೆಲಸವನ್ನು ಬೆಂಗಳೂರಿನಲ್ಲಿ ಹಟ ಹಿಡಿದು ಮಾಡಿದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡವರ ಮನೆಯ ಹುಡುಗ, ಓದಲಿಕ್ಕೆ ಬೆಂಗಳೂರಿಗೆ ನಡೆದು ಬಂದವರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಸುರು ಮಾಡಿದರು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂಡಬಹುದು, ಬಿಟ್ಟಿ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ನೇಮಿಸಿದರು. ಶೂನ್ಯದಿಂದ ವಿಭೂತಿ, ಉಂಗುರ ತೆಗೆಯುವವರು ನಮ್ಮೆದುರು ತೆಗೆದು ತೋರಿಸಲಿ ಅನ್ನುವುದಷ್ಟೇ ಅವರ ಕೇಳಿಕೆ. ಸಾಯಿಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ 42ನೇ ತಿದ್ದುಪಡಿ ಬಂತು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಅಂತ 51ಎ ವಿಧಿಯಲ್ಲಿ ಸೇರಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಜನರ ಬಾಯಿ ಮುಚ್ಚಿಸಿ ಪ್ರಶ್ನಿಸುವುದನ್ನು ಕರ್ತವ್ಯ ಮಾಡಿದ ಸೋಜಿಗ ಅದು! ಇರಲಿ, ಮಾತು ಸಂವಿಧಾನದಲ್ಲಿದೆ. ಹಳ್ಳಿಯ ಮೇಷ್ಟರು ಅದನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.

ಆದರೆ ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. 1986ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ತಡೆಯಲು ಹೋದ ನಮ್ಮ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಹೊಡೆಯಿತು, ಬಟ್ಟೆ ಬಿಚ್ಚಿ ಅವಮಾನ ಮಾಡಿತು. ನಂತರ ಸರಕಾರ ಆ ಪದ್ಧತಿಯನ್ನು ನಿಷೇಧಿಸಿತು. ಕಾರ್ಯಕರ್ತರ ಧೈರ್ಯಕ್ಕೆ ನಮ್ಮ ತಲೆ ಬಾಗುತ್ತದೆ. ಆದರೂ ಕೇಳಿಕೊಳ್ಳಬೇಕು: ಆ ಸೇವೆ ಮಾಡುತ್ತಿದ್ದವರು ಯಾರು? ಬಹುಪಾಲು ನಮ್ಮ ಕೇರಿಗಳ, ಹಿಂದುಳಿದವರ ಹೆಣ್ಣುಮಕ್ಕಳು. ಮಗುವಿಗೆ ಜಡ್ಡು, ಗಂಡನಿಗೆ ಕೆಲಸವಿಲ್ಲ, ದವಾಖಾನೆ ದೂರ, ಆಗ ಹರಕೆ ಹೊತ್ತವರು. ಜಾತ್ರೆಯ ದಿನ ಹೋಗಿ ಬೇಡ ಅನ್ನುವ ಮೊದಲು ವರ್ಷವಿಡೀ ಅವರ ಕಟ್ಟೆಯಲ್ಲಿ ಕೂತು ಅವರ ಮಾತು ಎಷ್ಟು ಕೇಳಿದೆವು? ಹೆಣ್ಣುಮಕ್ಕಳು ಕೂತು ಪ್ರಶ್ನೆ ಕೇಳಿದ ಸಭೆ ನಾವು ಎಷ್ಟು ಕೂಡಿಸಿದ್ದೇವೆ? 1982ರ ದೇವದಾಸಿ ನಿಷೇಧ ಕಾಯ್ದೆ, 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ, ಎರಡೂ ಬೇಕು. ಕಾಯ್ದೆ ಕೈ ಕಟ್ಟುತ್ತದೆ. ಮನಸ್ಸಿನ ಭಯ ಬಿಡಿಸುವುದು ಮಾತುಕತೆ ಮಾತ್ರ.

ಇನ್ನು ಗದಗಿಗೆ ಬರೋಣ. ನಮ್ಮ ಸೀಮೆಯಲ್ಲಿ ವಾರ ತಪ್ಪದೆ ನಡೆದ ಸಾರ್ವಜನಿಕ ಉಪನ್ಯಾಸ ಅಂದರೆ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವ. 1974ರಲ್ಲಿ ಪೀಠಕ್ಕೆ ಬಂದ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ತೀರಿಕೊಳ್ಳುವ ತನಕ ಇದನ್ನು ನಡೆಸಿದರು. ಎಣಿಕೆ ಎರಡು ಸಾವಿರ ದಾಟಿತು. ವಚನದ ಜೊತೆಗೆ ಸಾಹಿತ್ಯ, ಇತಿಹಾಸ, ಪರಿಸರ, ಕೃಷಿ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಜನ ಅವರನ್ನು ಪುಸ್ತಕದ ಸ್ವಾಮಿಗಳು ಅಂತ ಕರೆದರು. ಜನರ ಹೆಗಲ ಮೇಲೆ ಅಡ್ಡಪಲ್ಲಕ್ಕಿ ಏರುವುದನ್ನು ಅವರು ಬಿಟ್ಟರು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಿನ ರೈತರ ಹೊಲ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹೋಗುವ ಹೊತ್ತು ಬಂದಾಗ ಮಠದಿಂದ ಹೊರಗೆ ಬಂದು ರೈತರ ಜೊತೆ ನಿಂತರು. ಆ ವರ್ಷವೇ ಸರಕಾರ ಯೋಜನೆ ಕೈಬಿಟ್ಟಿತು. ಮೂವತ್ತೇಳು ವರ್ಷ ಸೋಮವಾರ ಸೋಮವಾರ ಕೂತು ಕೇಳಿದ ಊರಿಗೆ ಬೀದಿಗೆ ಇಳಿಯುವುದು ಕಷ್ಟವಾಗಲಿಲ್ಲ.

ಮಠ ಅಂದಕೂಡಲೆ ನಮ್ಮ ಕೆಲವು ಗೆಳೆಯರ ಹುಬ್ಬು ಗಂಟಿಕ್ಕುತ್ತದೆ. ತಕ್ಕುದೇ. ಮಠ ಮಠವೇ, ಅದಕ್ಕೆ ಪೀಠ ಇದೆ, ಪೀಠಕ್ಕೆ ಎತ್ತರ ಇದೆ. ಒಬ್ಬ ಒಳ್ಳೆಯ ಸ್ವಾಮಿ ಬಾಗಿಲು ತೆರೆದರೆ ಇನ್ನೊಬ್ಬ ಮುಚ್ಚಬಹುದು. ಬೇರೆಯವರ ಔದಾರ್ಯದ ಮೇಲೆ ನಿಂತ ಹಕ್ಕು ಹಕ್ಕಲ್ಲ. ಆದರೂ ಮಠದಿಂದ ನಾವು ಕಲಿಯಬೇಕಾದ್ದು ಒಂದಿದೆ: ವಾರ ತಪ್ಪದಿರುವುದು. ನಾವು ಏಪ್ರಿಲ್ 14ಕ್ಕೆ ಒಂದು ಸಭೆ, ಡಿಸೆಂಬರ್ 6ಕ್ಕೆ ಒಂದು ಸಭೆ ಮಾಡಿ ವರ್ಷದ ಕೆಲಸ ಮುಗಿಯಿತು ಅನ್ನುತ್ತೇವೆ.

1997ರ ಏಪ್ರಿಲ್ 30ರಂದು ಬಿ. ಕೃಷ್ಣಪ್ಪನವರು ಕೊನೆಯುಸಿರೆಳೆದದ್ದು ಇದೇ ಗದಗಿನಲ್ಲಿ. ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ದುಡಿದು, ನಾಡೆಲ್ಲ ಸುತ್ತಿದ ಜೀವ ನಮ್ಮ ಊರಿನಲ್ಲಿ ನಿಂತಿತು. ಅವರ ಹೆಸರಿನಲ್ಲಿ ಹೂಮಾಲೆ ಹಾಕುವುದಕ್ಕಿಂತ ಅವರು ಬಿಟ್ಟುಹೋದ ಅಧ್ಯಯನ ಶಿಬಿರದ ಪದ್ಧತಿಯನ್ನು ಕೇರಿಯಲ್ಲಿ ಉಳಿಸುವುದು ನಮ್ಮ ಸೀಮೆಯ ಋಣ.

ಮಾತಿಗೆ ಈ ನಾಡಿನಲ್ಲಿ ಇಂದಿಗೂ ಬೆಲೆ ತೆರಬೇಕಾಗಿದೆ. ಎಂ. ಎಂ. ಕಲಬುರ್ಗಿಯವರು 2014ರಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಮೂರ್ತಿಪೂಜೆಯ ಬಗ್ಗೆ ಆಡಿದ ಮಾತಿಗೆ ಬೆದರಿಕೆಗಳು ಬಂದವು; 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡು ಹಾಕಿದರು. ಪುಣೆಯಲ್ಲಿ ದಾಭೋಲ್ಕರ್, ಕೊಲ್ಹಾಪುರದಲ್ಲಿ ಪಾನ್ಸರೆ, ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಾದ ಸೀಸ ಇಂದು ಪಿಸ್ತೂಲಿನ ಗುಂಡಾಗಿದೆ, ಸೀಸ ಬದಲಾಗಿಲ್ಲ.

ಇನ್ನೊಂದು ಬಗೆಯ ಸಾವೂ ಇದೆ. ಸಭೆ ಹೋಗಿ ಸಮಾರಂಭ ಆಗಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ವೇದಿಕೆಯ ಮೇಲೆ ಇಪ್ಪತ್ತು ಜನ, ಕೆಳಗೆ ಮೂವತ್ತು. ಸ್ವಾಗತಕ್ಕೆ ಅರ್ಧ ತಾಸು, ವಂದನಾರ್ಪಣೆಗೆ ಕಾಲು ತಾಸು, ಪ್ರಶ್ನೆಗೆ ಸಮಯವಿಲ್ಲ. ಜಮಖಾನೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿವೆ, ಮುಂದಿನ ಸಾಲಿನ ಕುರ್ಚಿ ಮೇಲೆ ಚೀಟಿ ಅಂಟಿದೆ. ನಮ್ಮ ಸಂಘಟನೆಗಳ ಸಭೆಗಳೂ ಇದಕ್ಕೆ ಹೊರತಲ್ಲ. ಕುರ್ಚಿ ಹಾಕುವ ಹುಡುಗರು, ಚಹಾ ಕೊಡುವ ಹೆಣ್ಣುಮಕ್ಕಳು ಸಭೆ ಮುಗಿಯುವ ತನಕ ಗೋಡೆ ಪಕ್ಕ ನಿಂತೇ ಇರುತ್ತಾರೆ. ಗೋಡೆ ಒಂದೇ, ನಿಂತವರು ಮಾತ್ರ ಬೇರೆ.

ಗೆಳೆಯರೆ, ಹಳ್ಳಿಯ ಮೇಷ್ಟರೆ, ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ದೊಡ್ಡ ಕಾರ್ಯಕ್ರಮ ಬೇಡ. ವಾರಕ್ಕೊಂದು ಸಂಜೆ ಸಾಕು. ಗ್ರಹಣ ಯಾಕೆ ಹಿಡಿಯುತ್ತದೆ ಅಂತ ಒಂದು ವಾರ, ಕೂಲಿ ಕಾಯ್ದೆ ಏನು ಹೇಳುತ್ತದೆ ಅಂತ ಒಂದು ವಾರ, ಹಾವು ಕಚ್ಚಿದರೆ ಮಂತ್ರಕ್ಕೆ ಹೋಗದೆ ಯಾಕೆ ದವಾಖಾನೆಗೆ ಓಡಬೇಕು ಅಂತ ಒಂದು ವಾರ. ಸಭೆ ಕೇರಿಯಲ್ಲೇ ಕೂಡಲಿ, ಊರಿನವರು ಅಲ್ಲಿಗೆ ಬರಲಿ. ಎಲ್ಲರೂ ನೆಲದ ಮೇಲೆ ಕೂಡೋಣ. ಮಾತಾಡುವವನಿಗೆ ಅರ್ಧ ತಾಸು, ಕೇಳುವವರಿಗೆ ಒಂದು ತಾಸು. ಮೊದಲ ಪ್ರಶ್ನೆ ಅಂದು ಚಹಾ ಕೊಟ್ಟ ಅಕ್ಕನದಾಗಲಿ.

ಗೋಡೆಯ ಆಚೆ ನಿಂತ ನಮ್ಮ ಅಜ್ಜನಿಗೆ ಪುರಾಣ ಕೇಳಿಸುತ್ತಿತ್ತು. ಅವನ ಎದೆಯಲ್ಲಿ ಒಂದು ಪ್ರಶ್ನೆ ಎದ್ದಿರಲೇಬೇಕು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಯಾರೂ ಬರೆದಿಡಲಿಲ್ಲ. ಬರುವ ವಾರದ ಸಭೆಯಲ್ಲಿ ಆ ಪ್ರಶ್ನೆಯನ್ನು ಅವನ ಮೊಮ್ಮಗಳು ಎದ್ದು ನಿಂತು ಕೇಳಬೇಕು.